ಯಾರ ಮದುವೆ ಚೀಲ ಇದು?

ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕೂತವರಿಗೆ ಹೆಂಗಸರ ಕೈಚೀಲದ ಒಳಗು ಕಂಡಷ್ಟು ಅವರ ಗಂಡಂದಿರಿಗೂ ಕಂಡಿರಲಾರದು. ಬಳೆ, ಸರ, ಓಲೆ ಯಾವುದೂ ನೇರವಾಗಿ ಹೊರಗೆ ಬರುವುದಿಲ್ಲ. ಮೊದಲು ಬ್ಯಾಗಿನ ಜಿಪ್ಪು, ಅದರೊಳಗೆ ಇನ್ನೊಂದು ಜಿಪ್ಪು, ಆಮೇಲೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಚಿನ್ನದಂಗಡಿಯವರು ಕೊಟ್ಟ ಪುಟ್ಟ ಪರ್ಸು, ಪರ್ಸಿನೊಳಗೆ ಕರ್ಚೀಫಿನ ಗಂಟು. ಗಂಟು ಬಿಚ್ಚುವ ಹೊತ್ತಿಗೆ ಮೇಜಿನ ಮೇಲೆ ಬಸ್ ಟಿಕೆಟ್ಟು, ಮಾತ್ರೆಯ ಪಟ್ಟಿ, ಮಂತ್ರಾಕ್ಷತೆಯ ಪೊಟ್ಟಣ, ಹೇರ್‌ಪಿನ್ನು, ಮಗುವಿನ ಪಾಸ್‌ಪೋರ್ಟ್ ಸೈಜಿನ ಫೋಟೊ ಎಲ್ಲ ಹರಡಿರುತ್ತಿದ್ದವು. 1983ರಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಬಹಳ ಕಾಲ ಕೂತದ್ದು ಅದೇ ಕೌಂಟರಿನಲ್ಲಿ. ಪಕ್ಕದಲ್ಲಿ ಒರೆಗಲ್ಲು ಹಿಡಿದು ಕೂತ ಅಕ್ಕಸಾಲಿಗರು ಚಿನ್ನ ನೋಡುತ್ತಿದ್ದರು, ನಾನು ಬ್ಯಾಗು ನೋಡುತ್ತಿದ್ದೆ.

ನೋಡುತ್ತಿದ್ದದ್ದು ಬರೀ ಕುತೂಹಲದಿಂದಲ್ಲ, ಆಸೆಯಿಂದ. ತಿಪಟೂರಿನಲ್ಲಿ ಅಕ್ಕ ಹೆಣೆದುಕೊಟ್ಟ ವೈರ್ ಬ್ಯಾಗಿನಲ್ಲಿ ಕಾಲೇಜಿನ ಪುಸ್ತಕ ಹೊತ್ತವಳು ನಾನು. ಬೆಂಗಳೂರಿಗೆ ಬಂದು ಮೊದಲ ಸಂಬಳದಲ್ಲಿ ಕೊಂಡದ್ದು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ನೇತುಹಾಕಿದ್ದ ಕಪ್ಪು ರೆಕ್ಸಿನ್ ಬ್ಯಾಗು, ಅದೂ ಹೇಳಿದ್ದಕ್ಕೆ ಅರ್ಧ ಬೆಲೆಗೆ ಚೌಕಾಸಿ ಮಾಡಿ. ಆಫೀಸಿನಲ್ಲಿ ಕೇಳಿದವರಿಗೆ ಕಮರ್ಷಿಯಲ್ ಸ್ಟ್ರೀಟಿನದು ಅಂದೆ, ಬೆಲೆಯನ್ನು ಎರಡರಷ್ಟು ಮಾಡಿ ಹೇಳಿದೆ. ಸೋನೆ ಹಿಡಿದ ಒಂದು ಜುಲೈ ತಿಂಗಳು ಸಾಕಾಯಿತು. ರೆಕ್ಸಿನ್ ಬಿರುಕು ಬಿಟ್ಟು ಹಕ್ಕಳೆ ಏಳತೊಡಗಿತು. ತಿಳಿ ಬಣ್ಣದ ಸೀರೆ ಉಟ್ಟ ದಿನ ಸೊಂಟದ ಹತ್ತಿರ ಕರಿ ಚೂರುಗಳು ಅಂಟಿಕೊಂಡು ಕಮರ್ಷಿಯಲ್ ಸ್ಟ್ರೀಟಿನ ಬಣ್ಣ ಬಯಲು ಮಾಡುತ್ತಿದ್ದವು. ಯಾರೂ ಏನೂ ಅನ್ನಲಿಲ್ಲ. ಅವರವರ ಬ್ಯಾಗಿಗೂ ಅವರವರದೇ ಒಂದು ಕಥೆ ಇದ್ದಿರಬೇಕು.

ಒಬ್ಬರದು ಮಾತ್ರ ನಿಜಕ್ಕೂ ಬೇರೆ. ನಮ್ಮ ಶಾಖೆಯ ಹಿರಿಯ ಅಧಿಕಾರಿ. ಅವರ ಅಣ್ಣ ದುಬೈನಲ್ಲಿದ್ದರು. ನಾವೆಲ್ಲ ಬ್ಯಾಗನ್ನು ಕಾಲ ಬುಡದಲ್ಲಿ ಇಟ್ಟುಕೊಂಡರೆ ಅವರದು ಮೇಜಿನ ಮೇಲೆ, ಲೆಡ್ಜರಿನ ಪಕ್ಕದಲ್ಲಿ, ಹಿತ್ತಾಳೆಯ ಬಿಲ್ಲೆ ಗಿರಾಕಿಗಳ ಕಡೆಗೆ ತಿರುಗಿರುವಂತೆ. ಬಿಲ್ಲೆಯ ಮೇಲಿನ ಹೆಸರು ಯಾವ ಕಂಪನಿಯದೋ, ಅದಕ್ಕೆಷ್ಟು ಬೆಲೆಯೋ ನಮಗ್ಯಾರಿಗೂ ಗೊತ್ತಿರಲಿಲ್ಲ. ‘ಫಾರಿನ್‌ದು’ ಅಂದರೆ ಸಾಕು, ಮುಂದಿನದನ್ನು ನಾವೇ ಊಹಿಸಿಕೊಳ್ಳುತ್ತಿದ್ದೆವು. ಬ್ರ್ಯಾಂಡು ಅಂದರೆ ಓದಬಲ್ಲವರ ನಡುವೆ ಮಾತ್ರ ನಡೆಯುವ ವ್ಯವಹಾರ ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ತಿಳಿದದ್ದು ಒಂದೇ: ಆ ಮೇಡಂ ಎದ್ದು ಮ್ಯಾನೇಜರ ಕ್ಯಾಬಿನ್ನಿಗೆ ಹೋದಾಗ ನಾನು ಆ ಬ್ಯಾಗನ್ನು ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದೆ.

ನಮ್ಮಜ್ಜಿಗೆ ಈ ಕಷ್ಟವೇ ಇರಲಿಲ್ಲ. ಅವಳದು ಎಲೆಯಡಿಕೆ ಸಂಚಿ. ಎಳೆದರೆ ಬಾಯಿ ಮುಚ್ಚುವ ದಾರ, ಒಳಗೆ ಪದರ ಪದರವಾಗಿ ಖಾನೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ, ಗುಗ್ಗೆ ತೆಗೆಯುವ ಕಡ್ಡಿ, ಅತ್ಯಂತ ಒಳಗಿನ ಖಾನೆಯಲ್ಲಿ ತಾತನಿಗೆ ಗೊತ್ತಿಲ್ಲದ ದುಡ್ಡು. ಸೊಂಟಕ್ಕೆ ಸಿಕ್ಕಿಸಿದರೆ ರಾತ್ರಿ ಮಲಗುವಾಗಲೇ ಬಿಚ್ಚುವುದು. ಕನ್ನಡದ ಒಬ್ಬ ಕವಯಿತ್ರಿಯನ್ನು ನಾವು ಚೀಲದ ಹೆಸರಿನಿಂದಲೇ ನೆನೆಯುತ್ತೇವೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ. ಪಾಪ, ಸಂಚಿ ರಾಣಿಯದು. ಹೊರುವ ಕೆಲಸ ಇವಳದು, ಅದರ ಹೆಸರೂ ಇವಳಿಗೇ ಅಂಟಿತು. ಶೋರೂಮುಗಳಲ್ಲಿ ಬಿಳಿ ಗ್ಲೌಸು ತೊಟ್ಟು ಬ್ಯಾಗು ತಂದು ತೋರಿಸುವ ಹುಡುಗಿಯರನ್ನು ಕಂಡಾಗ ನನಗೆ ಹೊನ್ನಮ್ಮ ನೆನಪಾಗುತ್ತಾಳೆ.

ಮದುವೆ, ಮಗಳು, ಎರಡು ಬಸ್ಸು ಬದಲಿಸಿ ಆಫೀಸು. ಆ ವರ್ಷಗಳ ಬ್ಯಾಗುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮಧ್ಯಾಹ್ನದ ಡಬ್ಬಿ, ಮಗುವಿನ ಬದಲಿ ಬಟ್ಟೆ, ಬರುವಾಗ ಕೊಂಡ ಸೊಪ್ಪು ಹಿಡಿಸಿದರೆ ಸಾಕು. ಪಾಂಡಿಚೇರಿಯ ಹೈಡಿಸೈನ್ ಬ್ಯಾಗು ತೆಗೆದುಕೊಳ್ಳುವುದು ಆಗ ನಮ್ಮ ಆಫೀಸಿನಲ್ಲಿ ದೊಡ್ಡ ಮಾತಾಗಿತ್ತು, ನಾನು ತೆಗೆದುಕೊಳ್ಳಲಿಲ್ಲ. ಮಗಳ ಫೀಸು ಕಟ್ಟುವ ತಿಂಗಳಿಗೇ ಅದರ ಆಸೆಯೂ ಸರಿಯಾಗಿ ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಪ್ರಮೋಷನ್ ಕೊಟ್ಟು ಅಥಣಿಗೆ ಹಾಕಿದರು. ಬೆಳಗಾವಿ ಜಿಲ್ಲೆಯ ತುದಿ, ದಾಟಿದರೆ ಮಹಾರಾಷ್ಟ್ರ. ಸಂಸಾರವನ್ನು ಬೆಂಗಳೂರಿನಲ್ಲಿ ಬಿಟ್ಟು ಒಂದು ರೂಮು ಹಿಡಿದು ಕೂತೆ. ಅಲ್ಲಿ ಚಪ್ಪಲಿ ಹೊಲಿಯುವ ಕುಟುಂಬಗಳಿಗೆ ನಮ್ಮ ಬ್ಯಾಂಕು ಸಾಲ ಕೊಟ್ಟಿತ್ತು. ಲೋಕವೆಲ್ಲ ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯಲ್ಲಿ ಎಷ್ಟೋ ಜೊತೆ ಹುಟ್ಟುವುದು ಅಥಣಿ, ನಿಪ್ಪಾಣಿ, ಮದಬಾವಿಯ ಓಣಿಗಳಲ್ಲಿ ಅನ್ನುವುದು ಬೆಂಗಳೂರಿನವಳಾದ ನನಗೆ ಗೊತ್ತೇ ಇರಲಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಆದರೆ ನಾನು ಹೇಳುತ್ತಿರುವುದು ಅದಕ್ಕೂ ಇಪ್ಪತ್ತು ವರ್ಷ ಹಿಂದಿನ ಮಾತು.

ಸಾಲದ ತಪಾಸಣೆಗೆ ಹೋದಾಗ ಒಂದು ಮನೆಯ ಜಗಲಿಯಲ್ಲಿ ಕೂತು ನೋಡಿದ್ದು ಇನ್ನೂ ಕಣ್ಣಲ್ಲಿದೆ. ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ಬಣ್ಣ ಹಾಕಿಲ್ಲ, ಹೊಸ ಬೆಲ್ಲದ ಅಚ್ಚಿಗಿಂತ ತುಸು ತಿಳಿ. ಗಂಡ ಅಟ್ಟೆ ಕೊಯ್ಯುತ್ತಿದ್ದ, ಹೆಂಡತಿ ಬೆರಳಗಲದ ಪಟ್ಟಿಯನ್ನು ಹೆಣೆಯುತ್ತಿದ್ದಳು. ಮೊಳೆ ಇಲ್ಲ, ನೈಲಾನ್ ದಾರವೂ ಇಲ್ಲ. ತೊಗಲಿಗೆ ತೊಗಲಿನದೇ ಹೊಲಿಗೆ. ಒಂದು ಜೊತೆ ನಾನೂ ಕೊಂಡೆ. ಇಷ್ಟು ತಿಳಿ ಬಣ್ಣದ್ದು ಬೇಗ ಕೊಳೆಯಾಗುವುದಿಲ್ಲವೇ ಅಂದೆ. ಆತ ತಲೆಯೆತ್ತದೆ ಹೇಳಿದ, ‘ಕೊಳಿ ಅಲ್ರಿ ಮೇಡಮ್ಮಾರ, ಬಣ್ಣ ಏರತದ. ನೀವು ಹಾಕ್ಕೊಂಡಷ್ಟು ಏರತದ. ತೊಳದ್ ಬಿಸಲಿಗಿಡಬ್ಯಾಡ್ರಿ, ಎಣ್ಣಿ ಕೈ ಒರಸ್ರಿ ಸಾಕು.’ ಚಪ್ಪಲಿ ಹಾಗೇ ಆಯಿತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಜೇನಿನ ಬಣ್ಣಕ್ಕೆ ತಿರುಗಿತು.

2009ರ ದಸರೆಯ ಹೊತ್ತಿಗೆ ಅಮೆರಿಕಕ್ಕೆ ಹೋದೆ. ತಮ್ಮ ನ್ಯೂಜೆರ್ಸಿಯಲ್ಲಿದ್ದ. ಹೋಗುವ ಮುಂಚೆಯೇ ನನಗೆ ಮತ್ತೊಂದು ಪ್ರಮೋಷನ್ ಆಗಿತ್ತು. ಐವತ್ತಕ್ಕೆ ಹತ್ತಿರ ಬಂದಿದ್ದೆ. ಮಗಳು ಇಂಜಿನಿಯರಿಂಗ್ ಮುಗಿಸಿದ್ದಳು. ಅಂದರೆ ಕೈಯಲ್ಲಿ ಮೊದಲ ಸಲ, ಯಾರ ಹೆಸರಿಗೂ ತೆಗೆದಿಡದ ದುಡ್ಡಿತ್ತು. ತಮ್ಮನ ಹೆಂಡತಿ ಮೊದಲು ಕರೆದುಕೊಂಡು ಹೋದದ್ದು ವುಡ್‌ಬರಿ ಕಾಮನ್ ಔಟ್‌ಲೆಟ್‌ಗೆ. ಅಲ್ಲಿ ಕೋಚ್ ಅಂಗಡಿಯ ಮುಂದೆ ಸಾಲು. ಸಾಲಿನಲ್ಲಿ ತೆಲುಗು, ಗುಜರಾತಿ, ನಡುವೆ ಒಂದೆರಡು ಕನ್ನಡ. ಊರಿಗೆ ಹೊರಟವರು ಅತ್ತಿಗೆಗೊಂದು, ನಾದಿನಿಗೊಂದು, ಓರಗಿತ್ತಿಗೊಂದು ಎಂದು ಅದೇ ಬ್ಯಾಗನ್ನು ಬೇರೆ ಬೇರೆ ಬಣ್ಣದಲ್ಲಿ ಕೊಳ್ಳುತ್ತಿದ್ದರು. ಅತ್ತೆ ಮನೆಯವರ ಬಾಯಿ ಮುಚ್ಚಿಸಲು ಆ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ನಾನೂ ಕೊಂಡೆ, ಬೇರೆಯವರಿಗೆ.

ನನ್ನದು ಕೊಂಡದ್ದು ನ್ಯೂಯಾರ್ಕಿನಲ್ಲಿ, ಫಿಫ್ತ್ ಅವೆನ್ಯೂ ಮತ್ತು 57ನೇ ಬೀದಿಯ ಮೂಲೆಯಲ್ಲಿದ್ದ ಲೂಯಿ ವಿಟಾನ್ ಅಂಗಡಿಯಲ್ಲಿ. ಬೆಂಗಳೂರಿನ ವಿಠಲ ಮಲ್ಯ ರಸ್ತೆಯ ಯುಬಿ ಸಿಟಿಯಲ್ಲೂ ಆಗ ಇಂಥ ಅಂಗಡಿಗಳು ಬಂದಿದ್ದವು. ಆದರೆ ಅಲ್ಲಿ ಬಾಗಿಲು ತೆಗೆಯುವ ಸೆಕ್ಯೂರಿಟಿಯವನು ನಮ್ಮವನೇ. ಅವನು ನನ್ನ ಕಾಟನ್ ಸೀರೆ, ಹವಾಯಿ ಚಪ್ಪಲಿಯ ಲೆಕ್ಕ ಹಾಕಿಬಿಡುತ್ತಾನೆಂಬ ಭಯ. ನ್ಯೂಯಾರ್ಕಿನವನಿಗೆ ಆ ಲೆಕ್ಕ ಬಾರದು. ಧೈರ್ಯವಾಗಿ ಒಳಗೆ ಹೋದೆ.

ತೋರಿಸಿದ ಹುಡುಗಿ ಬಹಳ ಹೊತ್ತು ವಿವರಿಸಿದಳು. 1854ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಯಾಣದ ಪೆಟ್ಟಿಗೆ ಮಾಡಲು ಶುರುವಾದ ಕಂಪನಿ. 1896ರಲ್ಲಿ ಅಪ್ಪನ ಹೆಸರಿನ ಎರಡು ಅಕ್ಷರ, ಸುತ್ತ ಹೂವು ಸೇರಿಸಿ ಈ ಮಾದರಿ ಬರೆಸಿದವನು ಮಗ. ನಕಲು ಮಾಡುವವರ ಕಾಟ ತಪ್ಪಲಿ ಎಂದು ಬರೆಸಿದ್ದಂತೆ. ಈಗ ಲೋಕದಲ್ಲಿ ಅತಿ ಹೆಚ್ಚು ನಕಲಾಗುವ ಮಾದರಿಗಳಲ್ಲಿ ಅದೂ ಒಂದು. ಇದೆಲ್ಲ ನನ್ನ ಕಿವಿಗೆ ಅರ್ಧಂಬರ್ಧ ಬೀಳುತ್ತಿತ್ತು. ನಾನು ನೋಡುತ್ತಿದ್ದದ್ದು ನೆವರ್‌ಫುಲ್ ಎಂಬ ಬ್ಯಾಗಿನ ಹಿಡಿಗಳನ್ನು. ಬಣ್ಣವಿಲ್ಲದ ತಿಳಿ ತೊಗಲು. ‘ಇದು ಬಳಸಿದಂತೆ ಗಾಢವಾಗುತ್ತದೆ, ಅದನ್ನು ದೋಷ ಅಂದುಕೊಳ್ಳಬೇಡಿ’ ಅಂದಳು ಹುಡುಗಿ. ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲಿನ ಗುಣವೇ ಅದು. ಅಥಣಿಯಾತ ಹತ್ತು ವರ್ಷದ ಹಿಂದೆ ತಲೆಯೆತ್ತದೆ ಹೇಳಿದ್ದನ್ನು ಇವಳು ಗ್ಲೌಸು ತೊಟ್ಟು ಹೇಳಿದಳು. ಆಗಲೇ ಮನಸ್ಸು ಮಾಡಿಬಿಟ್ಟೆ. ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ತಿರದ ಬೆಲೆ. ತಮ್ಮನ ಹೆಂಡತಿ ಬಿಲ್ಲು ನೋಡಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ನನಗೆ ಬೇಕಾದ್ದೆಲ್ಲ ಇತ್ತು. ಸುಳ್ಳೇಕೆ ಹೇಳಲಿ, ಅವಳ ಮುಂದೆ ಕೊಳ್ಳುವ ಸುಖವೂ ಆ ಬೆಲೆಯಲ್ಲಿ ಸೇರಿತ್ತು.

ಅಮ್ಮ ಆಗ ನಮ್ಮ ಜೊತೆಯಲ್ಲೇ ಇದ್ದಳು. ಸೂಟ್‌ಕೇಸು ಬಿಚ್ಚುವಾಗ ಬಟ್ಟೆಯ ಹೊದಿಕೆಯಿಂದ ಬ್ಯಾಗು ಹೊರಗೆ ಬಂತು. ಕನ್ನಡಕ ಏರಿಸಿಕೊಂಡು ಅತ್ತಿತ್ತ ತಿರುಗಿಸಿ, ಮೈತುಂಬ ಇರುವ ಅಕ್ಷರಗಳನ್ನು ನೋಡಿ ಕೇಳಿದಳು, ‘ಯಾರ ಮದುವೆ ಚೀಲವೇ ಇದು?’

ಛತ್ರದಲ್ಲಿ ಊಟ ಮುಗಿಸಿ ಹೊರಟವರಿಗೆ ತೆಂಗಿನಕಾಯಿ, ಎಲೆಯಡಿಕೆ ಹಾಕಿ ಕೊಡುವ ಚೀಲದ ಮೇಲೆ ಗಂಡು ಹೆಣ್ಣಿನ ಹೆಸರು ಅಚ್ಚು ಹಾಕಿಸುತ್ತಾರಲ್ಲ, ಅವಳಿಗೆ ಕಂಡದ್ದು ಅದು. ಅಕ್ಷರ ಅಚ್ಚಾದ ಚೀಲ ಅಂದರೆ ಬಿಟ್ಟಿ ಬಂದದ್ದು ಅಂತಲೇ ಅವಳ ಅನುಭವ. ಎಷ್ಟು ಕೊಟ್ಟೆ ಅಂದಳು. ಆಫರ್‌ನಲ್ಲಿ ಸಿಕ್ಕಿತು ಅಂದು ಕಾಲು ಭಾಗದ ಬೆಲೆ ಹೇಳಿದೆ. ಆ ಕಂಪನಿ ರಿಯಾಯಿತಿ ಮಾರಾಟ ಮಾಡುವುದೇ ಇಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲವಾದ್ದರಿಂದ ಬಚಾವಾದೆ. ಆ ಕಾಲು ಭಾಗಕ್ಕೇ ಅವಳು ಎರಡು ದಿನ ಗೊಣಗಿದಳು. ‘ಬಂಗಾರವಾದರೆ ಕಷ್ಟಕಾಲಕ್ಕೆ ಅಡ ಇಡಬಹುದು. ಇದನ್ನ ನಿಮ್ಮ ಬ್ಯಾಂಕಲ್ಲಿ ಇಟ್ಟುಕೊಳ್ತಾರೇನೇ?’ ಕೌಂಟರಿನಲ್ಲಿ ಕೂತು ಜೀವನ ಕಳೆದವಳಿಗೆ ಇದಕ್ಕೆ ಉತ್ತರವಿರಲಿಲ್ಲ. ಕೊನೆಗೆ ಚರ್ಮದ್ದಾದ್ದರಿಂದ ದೇವರ ಮನೆಯ ಹತ್ತಿರ ತರಕೂಡದು ಎಂಬ ಕಟ್ಟಳೆಯೊಂದಿಗೆ ಬ್ಯಾಗು ಮನೆಗೆ ಸೇರಿತು.

ಬೆಂಗಳೂರಿಗೆ ಅದು ಎಷ್ಟು ಒಗ್ಗದ ಬ್ಯಾಗು ಅನ್ನುವುದು ಮೊದಲ ವಾರವೇ ಗೊತ್ತಾಯಿತು. ಅದಕ್ಕೆ ಬಾಯಿಗೆ ಜಿಪ್ಪಿಲ್ಲ. ನಡುವೆ ಒಂದು ಸಣ್ಣ ಕೊಂಡಿ, ಅಷ್ಟೆ. ಕಾರಿನಲ್ಲಿ ಕೂತು ಕಾರಿನಲ್ಲೇ ಇಳಿಯುವವರಿಗಾಗಿ ಮಾಡಿದ್ದು. ನಾನೋ ಬನಶಂಕರಿಯಿಂದ ಬಿಎಂಟಿಸಿಯಲ್ಲಿ ಹೋಗುವವಳು. ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಬಾಯಿಯ ಎರಡು ಅಂಚನ್ನು ಸೇರಿಸಿ, ಮೇಲೆ ಸೆರಗು ಹೊದಿಸಿ, ಕಂಕುಳಲ್ಲಿ ಅವುಚಿಕೊಂಡು ನಿಲ್ಲುತ್ತಿದ್ದೆ. ಮಳೆ ಬಂದರೆ ಇನ್ನೊಂದು ತಾಪತ್ರಯ. ಹಿಡಿಗೆ ನೀರು ಬಿದ್ದರೆ ಕಲೆ ಕೂರುತ್ತದೆ. ಕೊಡೆ ಬ್ಯಾಗಿಗೆ, ನೆನೆಯುವುದು ನಾನು. ಹಿಡಿಗೆ ಪ್ಲಾಸ್ಟಿಕ್ ಸುತ್ತಿದೆ. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕನ್ನು ವರ್ಷಗಟ್ಟಲೆ ತೆಗೆಯದವರನ್ನು ನೋಡಿ ನಗುತ್ತಿದ್ದವಳು ನಾನೇ.

ಆ ಪ್ಲಾಸ್ಟಿಕ್ ತೆಗೆದ ದಿನವೇ ಕಲೆಯಾಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಒಬ್ಬರ ಮನೆಗೆ ಕುಂಕುಮಕ್ಕೆ ಹೋಗಿದ್ದೆ. ಹೊರಡುವಾಗ ಅರಿಶಿನ ಕುಂಕುಮ ಹಚ್ಚಿದ ಕೈಯಲ್ಲೇ ಆಕೆ ಪ್ರೀತಿಯಿಂದ ಹಿಡಿಯನ್ನು ಹಿಡಿದು ಅಗಲಿಸಿ, ಒಳಗೆ ತೆಂಗಿನಕಾಯಿ ಇಳಿಸಿದರು. ಹೆಬ್ಬೆರಳಿನಗಲದ ಕೆಂಪು. ಮನೆಗೆ ಬಂದು ಒರೆಸಿದಷ್ಟೂ ಹರಡಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಮುತ್ತೈದೆಯ ಕುಂಕುಮಕ್ಕೆ ಸಿಟ್ಟಾದೆನಲ್ಲ ಎಂಬ ಇನ್ನೊಂದು ಹಿಂಸೆ ಅದರ ಜೊತೆಗೆ.

ಅದಕ್ಕಿಂತ ಚುಚ್ಚಿದ್ದು ಬಸವನಗುಡಿಯ ಛತ್ರವೊಂದರಲ್ಲಿ ನಡೆದದ್ದು. ಗಂಡನ ಕಡೆಯ ಮದುವೆ. ಅವರ ಪೈಕಿ ದೊಡ್ಡ ಸಿರಿವಂತೆಯೊಬ್ಬರ ಕೈಯಲ್ಲೂ ಅದೇ ಬ್ಯಾಗು. ಸುತ್ತ ನಾಲ್ಕು ಜನ ನಿಂತು ಅದನ್ನು ಸವರುತ್ತಿದ್ದರು. ನನ್ನದನ್ನು ಕಂಡ ಆಕೆ, ನಿಜವಾದ ಸಂತೋಷದಿಂದಲೇ, ‘ಅಯ್ಯೋ, ಎಷ್ಟು ಚೆನ್ನಾಗಿದೇರಿ! ಮೆಜೆಸ್ಟಿಕ್ ಕಡೆ ಸಿಕ್ತಾ? ಥೇಟ್ ಒರಿಜಿನಲ್ ಹಂಗೇ ಇದೆ’ ಅಂದರು. ನಾನು ನಕ್ಕು ‘ಹೂಂ’ ಅಂದೆ. ಊಟದ ಎಲೆಯ ಮುಂದೆ ಕೂತಾಗಲೂ ಕಣ್ಣು ಆಕೆಯ ಬ್ಯಾಗಿನ ಮೇಲೇ. ಅದನ್ನು ಹಿಂದಿನ ಎರಡು ಮದುವೆಗಳಲ್ಲೂ ನೋಡಿದ್ದೆ. ಅದರ ಹಿಡಿ ಮೊದಲ ದಿನ ಇದ್ದ ಬಣ್ಣದಲ್ಲೇ ಇತ್ತು, ಒಂದು ಕೂದಲೆಳೆಯ ಏರಿಕೆಯೂ ಇಲ್ಲ. ತೊಗಲಲ್ಲ, ಪ್ಲಾಸ್ಟಿಕ್ಕು. ಅಥಣಿಯ ಜಗಲಿಯಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು, ಹೇಳಲಂತೂ ಆಗಲಿಲ್ಲ. ಮೆಜೆಸ್ಟಿಕ್ಕಿನ ಬ್ಯಾಗನ್ನು ಒಳ್ಳೆಯ ಅಂಗಡಿಯದೆಂದು ನಂಬಿಸಲು ಹೆಣಗಿದ್ದವಳಿಗೆ ಒಳ್ಳೆಯ ಅಂಗಡಿಯದೇ ಮೆಜೆಸ್ಟಿಕ್ಕಿನದಾಗಿ ವಾಪಸು ಬಂದಿತ್ತು. ಬ್ಯಾಗು ಅಸಲಿಯೋ ನಕಲಿಯೋ ಅನ್ನುವುದನ್ನು ಜನ ಬ್ಯಾಗು ನೋಡಿ ಹೇಳುವುದಿಲ್ಲ, ಹಿಡಿದವಳನ್ನು ನೋಡಿ ಹೇಳುತ್ತಾರೆ.

ಮೆಜೆಸ್ಟಿಕ್ಕಿನದಾ ಎಂಬ ಅದೇ ಮಾತನ್ನು ಈಗ ಯಾರಾದರೂ ಅಂದರೆ ನನಗೆ ಎಷ್ಟು ಅನುಕೂಲ! ಅರವತ್ತೈದರ ಹೆಂಗಸು ಮೆಟ್ರೊದಲ್ಲಿ ಹಿಡಿದ ಲೂಯಿ ವಿಟಾನ್ ಅಸಲಿ ಎಂದು ಯಾವ ಕಳ್ಳನೂ ನಂಬುವುದಿಲ್ಲ. ನಿರಾಳವಾಗಿ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಇದನ್ನು ಪಕ್ವತೆ ಗಿಕ್ವತೆ ಎಂದೆಲ್ಲ ಕರೆಯಲು ನನಗೆ ಮನಸ್ಸಿಲ್ಲ. ನಾನು ಯಾರ ಕಣ್ಣಿಗೆ ಬೀಳಬೇಕೆಂದು ಆ ಬ್ಯಾಗು ಕೊಂಡಿದ್ದೆನೋ ಅವರಲ್ಲಿ ಕೆಲವರು ರಿಟೈರಾಗಿ ಮಕ್ಕಳ ಮನೆ ಸೇರಿದರು, ಕೆಲವರಿಗೆ ಕಣ್ಣಿನ ಪೊರೆ ಬಂತು, ಒಂದಿಬ್ಬರು ಇಲ್ಲವೇ ಇಲ್ಲ. ನೋಡುವವರು ಕಮ್ಮಿಯಾದರು. ಆಸೆ ಅಷ್ಟೇನೂ ಕಮ್ಮಿಯಾಗಿಲ್ಲ.

ಕಮ್ಮಿಯಾದದ್ದು ಹೆಗಲಿನ ಬಲ. ಆ ಬ್ಯಾಗಿನ ಹಿಡಿ ತೆಳ್ಳಗಿದೆ. ನೀರಿನ ಬಾಟಲಿ, ಬಿಪಿ ಮಾತ್ರೆ, ಕೊಡೆ, ಎರಡು ಕನ್ನಡಕ ಸೇರಿದರೆ ಹೆಗಲು ಕೊಯ್ಯುತ್ತದೆ. ಮೂಳೆ ಡಾಕ್ಟರು ಒಮ್ಮೆ ಬ್ಯಾಗನ್ನು ಎತ್ತಿ ನೋಡಿ, ‘ಮೊದಲು ಇದಕ್ಕೆ ಚಿಕಿತ್ಸೆ ಮಾಡಿಸಿ’ ಅಂದರು. ಇದರಲ್ಲಿ ನನಗೆ ದೊಡ್ಡವರ ಜೊತೆಯೂ ಇದೆ. 1980ರ ದಶಕದ ಮೊದಲಲ್ಲಿ ಪ್ಯಾರಿಸ್‌ನಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ನಟಿ, ಗಾಯಕಿ ಜೇನ್ ಬರ್ಕಿನ್ ಬುಟ್ಟಿಯ ಸಾಮಾನೆಲ್ಲ ಚೆಲ್ಲಿಹೋಯಿತು. ಪಕ್ಕದಲ್ಲಿದ್ದವರು ಎರ್ಮೆಸ್ ಕಂಪನಿಯ ಯಜಮಾನ ಜಾನ್ ಲೂಯಿ ದ್ಯುಮಾ. ಎಲ್ಲ ಹಿಡಿಸುವ ಒಳ್ಳೆಯ ಬ್ಯಾಗೇ ಸಿಗುವುದಿಲ್ಲ ಎಂದು ಆಕೆ ಗೊಣಗಿದ್ದಕ್ಕೆ ಹುಟ್ಟಿದ್ದು ಬರ್ಕಿನ್ ಬ್ಯಾಗು. ಇವತ್ತು ದುಡ್ಡಿದ್ದರೂ ಅಂಗಡಿಗೆ ಹೋದ ಕೂಡಲೇ ಅದು ಸಿಗುವುದಿಲ್ಲ. ಆದರೆ ಬರ್ಕಿನ್ ಮಾತ್ರ ಅದನ್ನು ಚೆನ್ನಾಗಿ ಬಳಸಿದಳು. ಮೈಮೇಲೆ ಸ್ಟಿಕ್ಕರ್ ಅಂಟಿಸಿದಳು, ಹಿಡಿಗೆ ಉಗುರು ಕತ್ತರಿಸುವ ಕಟರ್ ನೇತುಹಾಕಿದಳು, ಭಾರ ಹೊತ್ತು ಹೊತ್ತು ತೋಳುನೋವು ಬಂತೆಂದೂ ಹೇಳಿಕೊಂಡಳು. 2025ರ ಜುಲೈನಲ್ಲಿ, ಆಕೆ ತೀರಿಕೊಂಡು ಎರಡು ವರ್ಷವಾಗುವ ಹೊತ್ತಿಗೆ, ಆ ಮೊದಲ ಬ್ಯಾಗು ಪ್ಯಾರಿಸ್ಸಿನ ಸೋದಬಿ ಹರಾಜಿನಲ್ಲಿ 86 ಲಕ್ಷ ಯೂರೊಗೆ ಹೋಯಿತು. ಆ ಕಟರ್ ಕಂಡಾಗ ನನಗೆ ಅಜ್ಜಿಯ ಗುಗ್ಗೆ ಕಡ್ಡಿ ಕಣ್ಣಮುಂದೆ ಬಂತು.

ಮಗಳು ಈಗ ಸಿಯಾಟಲ್ಲಿನಲ್ಲಿದ್ದಾಳೆ. ಅವಳ ಬೀರುವಿನಲ್ಲಿ ಒಳ್ಳೆಯ ಬ್ಯಾಗುಗಳು ಹೊದಿಕೆ ಹೊದ್ದು ಮಲಗಿವೆ. ಕೈಯಲ್ಲಿ ಹಿಡಿಯುವುದು ದಿನಸಿ ಅಂಗಡಿಯ ಕ್ಯಾನ್ವಾಸ್ ಚೀಲ. ಟ್ರೇಡರ್ ಜೋಸ್ ಅನ್ನುವ ಅಂಗಡಿಯದು, ಬೆಲೆ 2.99 ಡಾಲರ್. 2024ರಲ್ಲಿ ಅದಕ್ಕೂ ಜನ ಮುಗಿಬಿದ್ದು, ಕೊಂಡವರು ನೂರಾರು ಡಾಲರಿಗೆ ಮಾರಿಕೊಳ್ಳಲು ಹೊರಟರು. ನನಗೊಂದು ತಂದುಕೊಟ್ಟು, ‘ಅಮ್ಮಾ, ಹುಷಾರಾಗಿ ಇಟ್ಕೋ, ಸಿಗಲ್ಲ’ ಅಂದಳು. ಮರುವರ್ಷ ನಮ್ಮ ಕಡೆ ಬಟ್ಟೆಯಂಗಡಿ, ಖಾರದಂಗಡಿಯವರು ಕೊಡುವಂಥ ಹಿಂದಿ ಅಕ್ಷರದ ಚೀಲವೊಂದನ್ನು ಅಲ್ಲಿನ ನಾರ್ಡ್‌ಸ್ಟ್ರಾಮ್ ಮಳಿಗೆ 48 ಡಾಲರಿಗೆ ಮಾರಿತು. ಅಮ್ಮ ಇದ್ದಿದ್ದರೆ ಅಟ್ಟದ ಮೇಲಿರುವ ಮದುವೆ ಚೀಲಗಳ ಮೂಟೆ ಇಳಿಸುತ್ತಿದ್ದಳೋ ಏನೋ.

ಅದೇ 2025ರ ಜೂನಿನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಮೆರವಣಿಗೆಯ ಹುಡುಗರ ಕಾಲಲ್ಲಿ ನಮ್ಮ ಕೊಲ್ಹಾಪುರಿ ಚಪ್ಪಲಿ ಕಾಣಿಸಿಕೊಂಡಿತು, ಊರಿನ ಹೆಸರಿಲ್ಲದೆ. ಗಲಾಟೆಯಾದ ಮೇಲೆ ಮೂಲ ಭಾರತದ್ದೆಂದು ಒಪ್ಪಿಕೊಂಡರು. ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಜೊತೆ 2,000 ಜೊತೆಯ ಒಪ್ಪಂದವಾಯಿತು. ಒಂದು ಜೊತೆಯ ಬೆಲೆ ಸುಮಾರು 800 ಯೂರೊ. ಸುದ್ದಿ ಓದಿ ನನಗೆ ಖುಷಿಗಿಂತ ಹೆಚ್ಚಾಗಿ ಲೆಕ್ಕ ಶುರುವಾಯಿತು. ಅಥಣಿಯ ಆ ಮನೆಗೆ ನಾವು ಕೊಟ್ಟಿದ್ದ ಇಡೀ ಸಾಲ ಅಷ್ಟಿರಲಿಲ್ಲ. ಆ ತೊಗಲು ಮುಟ್ಟಿದ ಕೈಯವರನ್ನು ಊರು ಎಷ್ಟು ದೂರ ನಿಲ್ಲಿಸಿತ್ತೋ ಕಂಡಿದ್ದೇನೆ. ಅದೇ ತೊಗಲಿನ ಮೇಲೆ ಮುದ್ರೆ ಬಿದ್ದರೆ ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ ಇಡುತ್ತಾರೆ.

ಕಳೆದ ವರ್ಷ ಬ್ಯಾಗಿನ ಒಂದು ಹಿಡಿ ಬುಡದಲ್ಲಿ ಕಿತ್ತುಬಂತು. ನಮ್ಮ ಬೀದಿಯ ತುದಿಯಲ್ಲಿ ಮರದ ಕೆಳಗೆ ಕೂರುವ ಚಪ್ಪಲಿ ರಿಪೇರಿಯವರ ಹತ್ತಿರ ಒಯ್ದೆ. ಅವರು ಬ್ಯಾಗನ್ನು ತೊಡೆಯ ಮೇಲಿಟ್ಟು, ಮೈಯನ್ನು ಉಗುರಿನಿಂದ ಕೆರೆದು, ಅಂಚನ್ನು ಮಡಚಿ ನೋಡಿ, ‘ಇದು ಚರ್ಮ ಅಲ್ಲಮ್ಮ, ಬಟ್ಟೆ. ಮೇಲೆ ಪ್ಲಾಸ್ಟಿಕ್ ಬಳಿದವ್ರೆ. ಹಿಡಿ ಮಾತ್ರ ಚರ್ಮ, ಒಳ್ಳೇ ಮಾಲು’ ಅಂದರು. ನಿಜವೇ. ಆ ಹೆಸರಾಂತ ಮೈ ಬರೀ ಲೇಪ ಕೊಟ್ಟ ಹತ್ತಿ ಕ್ಯಾನ್ವಾಸು. ಎಷ್ಟೋ ವರ್ಷ ದೇವರ ಮನೆಯ ಹತ್ತಿರ ಸುಳಿಯದೆ ಮಡಿ ಕಾಪಾಡಿಕೊಂಡಿದ್ದ ಚೀಲ ಬಹುಪಾಲು ಬಟ್ಟೆಯದು! ಎಷ್ಟು ಕೊಟ್ಟಿದ್ರಿ ಎಂದು ಅವರೂ ಕೇಳಿದರು. ಮಗಳು ಕೊಟ್ಟದ್ದು, ಗೊತ್ತಿಲ್ಲ ಅಂದೆ. ಮೇಣ ತಿಕ್ಕಿದ ದಾರದಲ್ಲಿ ಹೊಲಿದು ನೂರು ರೂಪಾಯಿ ತೆಗೆದುಕೊಂಡರು. ಆ ಹೊಲಿಗೆ ಮಿಕ್ಕ ಹೊಲಿಗೆಗಳಿಗಿಂತ ಗಟ್ಟಿಯಾಗಿದೆ.

ತಂಗಿಯ ಮಗಳಿಗೆ ಈ ಸಂಕೋಚ ಯಾವುದೂ ಇಲ್ಲ. ಔಟರ್ ರಿಂಗ್ ರೋಡಿನಲ್ಲಿ ಕೆಲಸ, ಕೈತುಂಬ ಸಂಬಳ, ಹಿಡಿಯುವುದು ಫಸ್ಟ್ ಕಾಪಿ. ಕೇಳದಿದ್ದರೂ ತಾನೇ ಹೇಳುತ್ತಾಳೆ: ‘ಒರಿಜಿನಲ್ ಯಾರು ತಗೋತಾರೆ ದೊಡ್ಡಮ್ಮಾ, ಆ ದುಡ್ಡಲ್ಲಿ ಬಾಲಿಗೆ ಹೋಗಿಬರಬಹುದು.’ ನಮ್ಮ ಕಾಲದಲ್ಲಿ ನಕಲಿ ಅಂದರೆ ಮುಚ್ಚಿಡುವ ವಿಷಯ, ಅವಳಿಗೆ ಅದು ಜಾಣತನ. ನಾನು ಒಪ್ಪುವುದಿಲ್ಲ. ಕೌಂಟರಿನಲ್ಲಿ ಗಿಲೀಟು ಬಳೆಯನ್ನು ಚಿನ್ನವೆಂದು ಅಡ ಇಡಲು ತಂದವರನ್ನು ನೋಡಿದವಳು ನಾನು. ಗಿಲೀಟು ಹಾಕಿಕೊಳ್ಳುವುದು ತಪ್ಪಲ್ಲ, ಅದರ ಮೇಲೆ ಬೇರೆಯವನ ಮುದ್ರೆ ಒತ್ತುವುದು ತಪ್ಪು. ಹೀಗಂದರೆ ಅವಳು, ‘ನೀವು ಇನ್ನೂ ಬ್ಯಾಂಕಿನವರೇ’ ಅಂದು ನಗುತ್ತಾಳೆ.

ಅವಳೇ ಒಂದು ದಿನ ಹಳೇ ಬ್ಯಾಗು ಕೊಳ್ಳುವ ವ್ಯಾಪಾರಿಯೊಬ್ಬನಿಗೆ ವಿಡಿಯೊ ಕಾಲ್ ಮಾಡಿ ನನ್ನದನ್ನು ತೋರಿಸಿದಳು. ಒಳಗಿನ ಪಟ್ಟೆ ಬಟ್ಟೆಯ ಜೇಬು ಮಗುಚಿ ತೋರಿಸಿ ಅಂದ. ಅಲ್ಲೊಂದು ಸಣ್ಣ ತೊಗಲ ಚೂರು, ಅದರ ಮೇಲೆ ಎರಡು ಅಕ್ಷರ ಮತ್ತು 2059 ಎಂಬ ಅಂಕಿ. ಇಷ್ಟು ವರ್ಷ ನಾನದನ್ನು ನೋಡೇ ಇರಲಿಲ್ಲ. ಮೊದಲ ಮತ್ತು ಮೂರನೇ ಅಂಕಿ ಸೇರಿದರೆ ವಾರ, ಎರಡನೇ ಮತ್ತು ನಾಲ್ಕನೇ ಸೇರಿದರೆ ವರ್ಷ. ಅಂದರೆ 2009ರ 25ನೇ ವಾರ, ಜೂನಿನಲ್ಲಿ ತಯಾರಾದದ್ದು. 2021ರಿಂದ ಈ ಅಂಕಿ ಬಿಟ್ಟು ಒಳಗೆ ಚಿಪ್ ಇಡುತ್ತಿದ್ದಾರಂತೆ. ಬ್ಯಾಗಿನೊಳಗೇ ‘ಮೇಡ್ ಇನ್ ಯುಎಸ್‌ಎ’ ಎಂಬ ಒತ್ತು. ಪ್ಯಾರಿಸ್ಸಿನ ಬ್ಯಾಗು ಅಂದುಕೊಂಡಿದ್ದೆ. ಅದು ಅಮೆರಿಕದ ಕಾರ್ಖಾನೆಯದು. ವ್ಯಾಪಾರಿ ಹೇಳಿದ ಬೆಲೆ ನಾನು ಕೊಟ್ಟದ್ದಕ್ಕಿಂತ ಹೆಚ್ಚೇ ಇತ್ತು. ‘ಹಿಡಿ ಮೇಲೆ ಕೆಂಪು ಸ್ಟೇನ್ ಇದೆ ಮೇಡಂ, ರಿಪೇರಿ ಬೇರೆ ಆಗಿದೆ, ಇಲ್ಲದಿದ್ರೆ ಇನ್ನೂ ಸಿಗ್ತಿತ್ತು’ ಅಂದ.

ಅಮ್ಮನಿಗೆ ಉತ್ತರ ಸಿಕ್ಕಿತು ಅಂದುಕೊಂಡೆ, ಅರೆಕ್ಷಣ. ಆಮೇಲೆ ಅಭ್ಯಾಸಬಲದಿಂದ ಲೆಕ್ಕ ಹಾಕಿದೆ. 2009ರಲ್ಲಿ ಆ ದುಡ್ಡಿಗೆ ಇಪ್ಪತ್ತು ಗ್ರಾಂ ಚಿನ್ನ ಬರುತ್ತಿತ್ತು. 2025ರಲ್ಲಿ ಹತ್ತು ಗ್ರಾಂ ಲಕ್ಷ ದಾಟಿತು. ಅಮ್ಮನೇ ಗೆದ್ದಳು, ಅದೂ ಭಾರೀ ಅಂತರದಲ್ಲಿ.

‘ಹಾಗಾದ್ರೆ ಮಾರಬೇಡಿ, ನನಗೆ ಕೊಡಿ’ ಅಂದಳು ಹುಡುಗಿ.

‘ಒರಿಜಿನಲ್ ಯಾರು ತಗೋತಾರೆ ಅಂತಿದ್ದೆ?’

‘ತಗೊಳ್ಳೋದು ಬೇರೆ, ಸಿಗೋದು ಬೇರೆ ದೊಡ್ಡಮ್ಮಾ.’

ನನ್ನ ನಂತರ ನಿನಗೇ ಅಂದಿದ್ದೇನೆ. ಯಾವಾಗ ಎಂದು ಅವಳು ನಾಚಿಕೆಯಿಲ್ಲದೆ ಕೇಳುತ್ತಾಳೆ. ಸದ್ಯಕ್ಕಂತೂ ಇಲ್ಲ. ಶ್ರಾವಣ ಬಂತು, ಐದಾರು ಮನೆಯವರು ಕುಂಕುಮಕ್ಕೆ ಕರೆದಿದ್ದಾರೆ, ಅಷ್ಟೂ ತೆಂಗಿನಕಾಯಿ ಒಟ್ಟಿಗೆ ಹಿಡಿಸುವ ಚೀಲ ಮನೆಯಲ್ಲಿ ಬೇರೆ ಇಲ್ಲ.